ಐವತ್ತೇಳು ಬೆಡ್ಡಿಗೆ ಒಂದು ಯಂತ್ರ

1986ರ ನವೆಂಬರಿನಲ್ಲಿ ಮುಲುಂಡಿನ ಒಂದು ಕಾರ್ಖಾನೆಯ ನಿರ್ದೇಶಕರ ಮುಂದೆ ಮೂರು ಪುಟದ ಟಿಪ್ಪಣಿಯೊಂದು ಹೋಯಿತು. ಅದನ್ನು ಬರೆದವಳು ವನಮಾಲಾ. ಮುಂದೆ ಏನೇನೋ ಆದಾಗಲೂ ಅದು ತನ್ನದಲ್ಲ ಎಂದು ಅವಳು ಯಾರ ಮುಂದೆಯೂ ಹೇಳಲಿಲ್ಲ.

ಅವಳು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದಿ, ಬ್ಯಾಂಕಿನಲ್ಲಿದ್ದ ನಾಣಿಯನ್ನು ಮದುವೆಯಾಗಿ ಮುಂಬಯಿಗೆ ಬಂದವಳು. ಮನೆ ಘಾಟ್ಕೋಪರಿನಲ್ಲಿ. ಬೆಳಿಗ್ಗೆ ಎಂಟೂ ಹತ್ತರ ಲೋಕಲ್ ರೈಲು ಹಿಡಿದು ಮುಲುಂಡಿಗೆ ಹೋಗಿ, ಕಾರ್ಖಾನೆಯ ಎಸ್ಟಿಮೇಟ್ ವಿಭಾಗದಲ್ಲಿ ಕೂತು, ಒಂದೊಂದು ಯಂತ್ರಕ್ಕೂ ಕಬ್ಬಿಣ ಎಷ್ಟು, ಕೂಲಿ ಎಷ್ಟು, ಕರೆಂಟು ಎಷ್ಟು ಎಂದು ಅಂದಾಜು ಮಾಡುವುದು ಅವಳ ಕೆಲಸ. ಏಳು ವರ್ಷ ಅದನ್ನೇ ಮಾಡಿದ್ದಳು. ಓದಿದ್ದು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲವಲ್ಲ ಎಂಬ ಕೊರಗು ಒಳಗೊಳಗೇ ಇತ್ತು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಉಕ್ಕಿನ ಭಾಗಗಳನ್ನು ಕೂದಲೆಳೆಗಿಂತ ಸಣ್ಣ ಅಳತೆಗೆ ಉಜ್ಜಿ ಕೊಡುವ ಗ್ರೈಂಡಿಂಗ್ ಮಷೀನು. ಅಂಗಳದ ಈ ಬದಿಗೆ ಫೌಂಡ್ರಿ. ಅಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ಯಂತ್ರದ ತಳಪಾಯವನ್ನು ಎರಕ ತೆಗೆಯುತ್ತಿದ್ದರು. ಎಲ್ಲರೂ ಅದನ್ನು ಬೆಡ್ ಎನ್ನುತ್ತಿದ್ದರು. ಒಂದೊಂದು ಬೆಡ್ಡೂ ಒಂದೂಕಾಲು ಟನ್ನು. ಆ ಬದಿಗೆ ಜೋಡಣೆಯ ಶೆಡ್ಡು. ಅಲ್ಲಿ ಮೂವತ್ತೆಂಟು ಜನ ಸ್ಕ್ರೇಪರುಗಳು. ಬೆಡ್ಡಿನ ಮೇಲೆ ಯಂತ್ರದ ಮೇಜು ಜಾರುವ ಪಟ್ಟಿಗೆ ನೀಲಿ ಬಣ್ಣ ಸವರಿ, ಅದರ ಮೇಲೆ ಸಮತಟ್ಟಾದ ಉಕ್ಕಿನ ಹಲಗೆ ಉಜ್ಜಿ, ಬಣ್ಣ ಅಳಿಸಿದ ಉಬ್ಬುಗಳನ್ನು ಗುರುತು ಹಿಡಿದು, ಉದ್ದ ಹಿಡಿಯ ಉಳಿಯಿಂದ ಒಂದೊಂದೇ ಉಬ್ಬನ್ನು ಕೆರೆಯುವ ಕೆಲಸ. ಒಂದು ಬೆಡ್ಡಿಗೆ ಹನ್ನೆರಡು ದಿನ ಹಿಡಿಯುತ್ತಿತ್ತು. ಆ ಮೂವತ್ತೆಂಟು ಜನರ ಹಿರಿಯ ಸಿದ್ದರಾಮಪ್ಪ. ಗೋಕಾಕಿನ ಕಡೆಯವನು, ಐವತ್ತರ ಹತ್ತಿರದ ವಯಸ್ಸು. ಬೆರಳ ತುದಿಯಿಂದ ಪಟ್ಟಿಯನ್ನು ಸವರಿ, ಎಲ್ಲಿ ಎಷ್ಟು ಉಬ್ಬಿದೆ ಎಂದು ಅಳತೆಯ ಡಯಲ್ ಇಡುವುದಕ್ಕೆ ಮೊದಲೇ ಹೇಳುತ್ತಿದ್ದ.

ಆ ವರ್ಷ ಮಾಲೀಕರ ಮಗ ಚಿಕ್ಕ ಸೇಠ್ ಜರ್ಮನಿಗೆ ಹೋಗಿ ಬಂದ. ಅಲ್ಲಿಯ ಒಂದು ಕಂಪನಿ ಕಚ್ಚಾ ಬೆಡ್‌ಗಳನ್ನು ಕೊಳ್ಳಲು ತಯಾರಿತ್ತು. ಬದಲಿಗೆ ಅವರ ಯಂತ್ರಗಳನ್ನು ಇವರು ಇಲ್ಲಿ ತರಿಸಿ ಮಾರಬೇಕು. ಇಲ್ಲಿಯ ಜೋಡಣೆ ನಿಲ್ಲಿಸಬೇಕು. ಹಳೆಯ ನಿರ್ದೇಶಕರು ಹಿಂದೆಮುಂದೆ ನೋಡುತ್ತಿದ್ದರು. ಅವರನ್ನು ಒಪ್ಪಿಸಲು ಒಂದು ಟಿಪ್ಪಣಿ ಬರೆದುಕೊಡಿ, ನೀವು ಎಕನಾಮಿಕ್ಸ್ ಓದಿದವರಲ್ಲವೇ ಎಂದು ಚಿಕ್ಕ ಸೇಠ್ ವನಮಾಲಾಳನ್ನು ಕೇಳಿದ.

ಅವಳು ಒಂದು ವಾರ ಕೂತು ಬರೆದಳು. ಕಾಲೇಜಿನಲ್ಲಿ ಕಲಿತದ್ದೆಲ್ಲ ಕೈಗೆ ಬಂತು. ಯಂತ್ರವನ್ನೂ ಎರಕವನ್ನೂ ಅವರು ನಮಗಿಂತ ಚೆನ್ನಾಗಿಯೇ ಮಾಡಬಲ್ಲರು, ಆದರೆ ಎರಕದಲ್ಲಿ ನಾವು ಹಿಂದಿರುವುದು ಸ್ವಲ್ಪ, ಯಂತ್ರದಲ್ಲಿ ಬಹಳ. ಆದ್ದರಿಂದ ಅವರು ಯಂತ್ರವನ್ನೇ ಮಾಡಲಿ, ನಾವು ಎರಕವನ್ನೇ ಮಾಡೋಣ, ಕೊಟ್ಟು ತೆಗೆದುಕೊಂಡರೆ ಇಬ್ಬರಿಗೂ ಮೊದಲಿಗಿಂತ ಹೆಚ್ಚು ಸಿಗುತ್ತದೆ. ಆಗಿನ ದರದಲ್ಲಿ ಮೂವತ್ತು ಬೆಡ್ ಕಳಿಸಿದರೆ ಒಂದು ಯಂತ್ರದ ಬೆಲೆ ಹುಟ್ಟುತ್ತಿತ್ತು. ಅದನ್ನೂ ಅಂಕಿಗಳ ಸಮೇತ ತೋರಿಸಿದಳು. ನಿರ್ದೇಶಕರು ಒಪ್ಪಿದರು. ಚಿಕ್ಕ ಸೇಠ್ ಅವಳ ಮೇಜಿಗೇ ಬಂದು ಪೇಡೆಯ ಡಬ್ಬಿ ಕೊಟ್ಟುಹೋದ. ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯೂ ಬಂತು.

ನೋಟೀಸು ಅಂಟಿಸಿದ ದಿನ ಸಿದ್ದರಾಮಪ್ಪ ಅವಳಲ್ಲಿಗೆ ಬಂದ. ನೋಟೀಸು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ಆಫೀಸಿನಲ್ಲಿ ಕನ್ನಡದವಳು ಇವಳೊಬ್ಬಳೇ. ಓದಿ ಹೇಳಿರೆಂದ. ಅವಳು ಹೇಳಿದಳು. ಶೆಡ್ಡು ಮುಚ್ಚುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ, ಎಲ್ಲರಿಗೂ ಫೌಂಡ್ರಿಯಲ್ಲಿ ಜಾಗ ಕೊಡುತ್ತಾರೆ. ಅವನು ಕೇಳಿದ.

"ಬಾಯಾರ, ನಮಗ ಬರೂದಿಲ್ಲ ಅಂತ ಬರದಾರೇನ್ರಿ ಇದರಾಗ?"

"ಬರೋದಿಲ್ಲ ಅಂತಲ್ಲ ಸಿದ್ದರಾಮಪ್ಪನವರೇ. ಅವರು ಇನ್ನೂ ಚೆನ್ನಾಗಿ ಮಾಡ್ತಾರೆ, ಬೇಗ ಮಾಡ್ತಾರೆ. ಅಲ್ಲಿ ಈ ಕೆರೆಯೋ ಕೆಲಸ ಎಲ್ಲಾ ಮಷೀನೇ ಮಾಡುತ್ತಂತೆ. ನಾವು ಎರಕ ಕೊಟ್ಟು ಅವರಿಂದ ಯಂತ್ರ ತಗೊಂಡ್ರೆ ಇಬ್ಬರಿಗೂ ಒಳ್ಳೇದು."

"ಅವರಿಗೇನು ತಾಯಿ ಹೊಟ್ಟ್ಯಾಗಿಂದ ಬಂದಿತ್ತೇನ್ರಿ? ಕಲತಾರ."

"ಹೌದು, ಮೊದಲೇ ಕಲ್ತಿದ್ದಾರೆ."

"ನಾವೂ ಕಲಿಯಾಕತ್ತೀವಲ್ರಿ. ಕಲಿಯೂ ಮುಂದ ಬಾಗಲಾ ಹಾಕಿದ್ರ ಹ್ಯಾಂಗ?"

ಅವಳು ನಕ್ಕು, ಇದು ದೇಶದೇಶಗಳ ವ್ಯಾಪಾರ, ಒಬ್ಬಿಬ್ಬರ ಮಾತಲ್ಲ ಎಂದಳು. ಅವನು ಕೈ ಮುಗಿದು ಹೋದ. ಟಿಪ್ಪಣಿ ಬರೆದದ್ದು ತಾನೇ ಎಂದು ಅವಳು ಹೇಳಲಿಲ್ಲ. ಅವನಿಗೆ ಅದು ಗೊತ್ತಿತ್ತೆಂದು ತಿಳಿದದ್ದು ಬಹಳ ವರ್ಷದ ಮೇಲೆ.

ಹನ್ನೊಂದು ಜನ ಕೆಲಸ ಬಿಟ್ಟರು. ಇಪ್ಪತ್ತೇಳು ಜನ ಫೌಂಡ್ರಿಗೆ ಹೋದರು. ಫೌಂಡ್ರಿಯಲ್ಲಿ ಅವರಿಗೆ ಸಿಕ್ಕಿದ್ದು ಫೆಟ್ಲಿಂಗ್, ಅಂದರೆ ಎರಕಕ್ಕೆ ಅಂಟಿದ ಸುಟ್ಟ ಮರಳನ್ನೂ ಅಂಚಿನ ಕಬ್ಬಿಣವನ್ನೂ ಗಾಳಿಯ ಒತ್ತಡದಿಂದ ಓಡುವ ಚಿಪ್ಪಿಂಗ್ ಸುತ್ತಿಗೆಯಿಂದ ಕಡಿದು ಹಾಕುವ ಕೆಲಸ. ಆ ಸುತ್ತಿಗೆ ನಿಮಿಷಕ್ಕೆ ಸಾವಿರಾರು ಏಟು ಹೊಡೆಯುತ್ತದೆ. ಹಿಡಿದವನ ಮೈಯೆಲ್ಲ ಅದರೊಡನೆ ನಡುಗುತ್ತದೆ. ದಿನಕ್ಕೆ ಎಂಟು ಗಂಟೆ. ವನಮಾಲಾಳ ಹೊಸ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಆ ಸದ್ದು ಅಲ್ಲಿಗೂ ಬರುತ್ತಿತ್ತು. ಕಿಟಕಿ ಮುಚ್ಚಿಕೊಂಡರೆ ಅಷ್ಟು ಕೇಳುತ್ತಿರಲಿಲ್ಲ.

ಪ್ರತಿ ವರ್ಷ ಬೆಲೆಯ ಮಾತುಕತೆಗೆ ಅಂಕಿಗಳನ್ನು ಜೋಡಿಸಿ ಕೊಡುವವಳು ಅವಳೇ. ಹಾಗಾಗಿ ಮೊದಲು ಕಂಡದ್ದೂ ಅವಳಿಗೇ. ಜರ್ಮನಿಯಿಂದ ವರ್ಷಕ್ಕೆ ಎರಡು ಕಾಗದ ಬರುತ್ತಿದ್ದವು. ಒಂದರಲ್ಲಿ, ಕೊರಿಯಾದವರೂ ಬ್ರೆಜಿಲಿನವರೂ ಇದಕ್ಕಿಂತ ಕಡಿಮೆಗೆ ಬೆಡ್ ಕೊಡುತ್ತಿದ್ದಾರೆ, ನೀವೂ ಇಳಿಸಿ ಎಂದಿರುತ್ತಿತ್ತು. ಇನ್ನೊಂದರಲ್ಲಿ, ನಮ್ಮ ಕಾರ್ಮಿಕರ ಸಂಬಳ ಏರಿದೆ, ಆದ್ದರಿಂದ ಯಂತ್ರದ ಬೆಲೆ ಏರಿಸಿದ್ದೇವೆ ಎಂದಿರುತ್ತಿತ್ತು. ಅವರ ಕಾರ್ಮಿಕರ ಸಂಬಳ ಏರಿದರೆ ಅದನ್ನು ನಾವು ಕೊಡಬೇಕು. ನಮ್ಮವರ ಸಂಬಳ ಏರಿದರೆ ಅದು ನಮ್ಮ ಅಸಮರ್ಥತೆ. ಬೆಡ್ಡಿನ ಬೆಲೆ ಎರಡು ಸಾವಿರದ ನಾನೂರು ಜರ್ಮನ್ ಮಾರ್ಕಿನಿಂದ ಸಾವಿರದ ಒಂಬೈನೂರಕ್ಕೆ ಇಳಿಯಿತು. ಯಂತ್ರದ ಬೆಲೆ ಎಪ್ಪತ್ತೆರಡು ಸಾವಿರದಿಂದ ತೊಂಬತ್ತೈದು ಸಾವಿರಕ್ಕೆ ಏರಿತು. ನಾಲ್ಕು ವರ್ಷದಲ್ಲಿ ಮೂವತ್ತು ಬೆಡ್ಡಿನ ಜಾಗದಲ್ಲಿ ಐವತ್ತು ಬೇಕಾಯಿತು. ಫೌಂಡ್ರಿ ಇನ್ನೊಂದು ಕುಲುಮೆ ಹಾಕಿತು, ಮೂರು ಪಾಳಿ ನಡೆಸಿತು. ಚಿಕ್ಕ ಸೇಠ್‌ಗೆ ರಫ್ತಿನ ಪ್ರಶಸ್ತಿ ಬಂತು. ಒಂದೇ ಯಂತ್ರಕ್ಕೆ ಹೆಚ್ಚು ಹೆಚ್ಚು ಕಬ್ಬಿಣ ಕಳಿಸಿದರೆ ರಫ್ತು ಹೆಚ್ಚುತ್ತದೆ ತಾನೇ. ಇದು ಸ್ವಲ್ಪ ಕಾಲದ ಏರುಪೇರು, ಸರಿಹೋಗುತ್ತದೆ ಎಂದು ವನಮಾಲಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

1990ರ ಡಿಸೆಂಬರಿನಲ್ಲಿ, ಗಿರಾಕಿಗಳಿಗೆ ತೋರಿಸಲು ಒಂದು ಯಂತ್ರ ಜರ್ಮನಿಯಿಂದ ಬಂತು. ಅದನ್ನು ಹಳೆಯ ಜೋಡಣೆಯ ಶೆಡ್ಡಿನಲ್ಲೇ ಕೂಡಿಸಿದರು. ನೆಲದ ಮಟ್ಟ ನೋಡಿ ಕೂಡಿಸಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಸಿದ್ದರಾಮಪ್ಪನನ್ನು ಎರಡು ದಿನಕ್ಕೆ ಫೆಟ್ಲಿಂಗಿನಿಂದ ಕರೆಸಿದರು. ಎರಡನೆಯ ದಿನ ಮಧ್ಯಾಹ್ನ ಅವನು ಮೈತುಂಬ ಕಪ್ಪು ಧೂಳಿನಲ್ಲಿ ಆಫೀಸಿನ ಬಾಗಿಲಿಗೆ ಬಂದು ನಿಂತು, ಬಾಯಾರು ಒಂದೀಟು ಶೆಡ್ಡಿಗೆ ಬರಬೇಕು ಎಂದ.

ಯಂತ್ರ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಅವನು ಪಕ್ಕದ ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಹಿಡಿದ. ಬೆಡ್ಡಿನ ಒಳಗೋಡೆಯ ಮೇಲೆ ಮೂರು ಅಂಕಿ ಒತ್ತಿತ್ತು. 214. ಫೆಟ್ಲಿಂಗ್ ಮಾಡಿದವನು ತನ್ನ ಟೋಕನ್ ನಂಬರನ್ನು ಒಳಗೆ ಒತ್ತಬೇಕೆಂಬುದು ಫೌಂಡ್ರಿಯ ನಿಯಮ. 214 ಸಿದ್ದರಾಮಪ್ಪನದು.

ವನಮಾಲಾಗೆ ಮೊದಲು ಅನಿಸಿದ್ದು ಆಶ್ಚರ್ಯ, ಆಮೇಲೆ ಒಂದು ಥರದ ನಗು. ನಮ್ಮ ಬೆಡ್ಡೇ ಹಿಂದಕ್ಕೆ ಬಂದಿದೆಯಲ್ಲ ಎಂದಳು. ಸಿದ್ದರಾಮಪ್ಪ ನಗಲಿಲ್ಲ. ಅವನು ಯಂತ್ರದ ಮೇಜನ್ನು ಒಂದು ತುದಿಗೆ ಸರಿಸಿ, ಜಾರುವ ಪಟ್ಟಿಯನ್ನು ಬಟ್ಟೆಯಿಂದ ಒರೆಸಿ ತೋರಿಸಿದ. ಪಟ್ಟಿಯ ಉದ್ದಕ್ಕೂ ಎಳೆಚಂದ್ರನಂಥ ಸಣ್ಣ ಸಣ್ಣ ಗುರುತುಗಳು, ಸಾಲುಸಾಲಾಗಿ.

"ಇದೇನಂತ ಗೊತ್ತಾತೇನ್ರಿ?"

ಅವಳಿಗೆ ಗೊತ್ತಾಯಿತು. ಏಳು ವರ್ಷ ಆ ಶೆಡ್ಡಿನ ಕೂಲಿಯ ಅಂದಾಜು ಮಾಡಿದ್ದವಳು ಅವಳು.

"ಮಷೀನ ಮಾಡತೈತಿ ಅಂದಿದ್ರಿ ಬಾಯಾರ. ಇದು ಕೈಲೆ ಕೆರದದ್ದು. ಯಾವನೋ ನನ್ನಂಥಾಂವ. ಎಡಚ ಇರಬೇಕು, ಗುರ್ತು ಎಲ್ಲಾ ಎಡಕ ಬಾಗ್ಯಾವ. ಕೈ ಭಾಳ ಚಲೋ ಐತಿ ಅವಂದು. ನಮಗಿಂತ ಒಂದು ಹತ್ತು ವರ್ಷ ಮುಂದ ಅದಾನ. ಹತ್ತು ವರ್ಷ ಅಂದ್ರ ಏನು ಮಹಾ ಅಲ್ರಿ." ಅವನು ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ. "ಅವಗ ಬಿಡಂತ ಯಾರೂ ಹೇಳಲಿಲ್ಲ ನೋಡ್ರಿ. ಅಷ್ಟ ಫರಕು."

ಅವನ ದನಿ ಏರಲಿಲ್ಲ. ಆದರೆ ಅವನು ಅವಳ ಕಡೆ ನೋಡಲೂ ಇಲ್ಲ.

ಆ ಸಂಜೆ ಲೋಕಲ್ಲಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತ್ತು, ಆದರೂ ನಿಂತೇ ಬಂದಳು. ಬೆಡ್ಡು ಇಲ್ಲಿಂದ ಹೋಗುವಾಗ ಅದರ ಬೆಲೆ ಎಷ್ಟು, ಬರುವಾಗ ಎಷ್ಟು ಎಂಬುದು ಅವಳಿಗೆ ಹೊಸತಲ್ಲ. ಹೊಸತಾದದ್ದು, ನಡುವೆ ಅಲ್ಲಿ ಆದ ಕೆಲಸವೂ ಮೊದಲು ಇಲ್ಲಿ ಆಗುತ್ತಿದ್ದ ಕೈಕೆಲಸವೇ ಎಂಬುದು. ಕಂಪನಿಯ ಬಣ್ಣದ ಪುಸ್ತಕದಲ್ಲಿ ಸ್ವಯಂಚಾಲಿತ ಎಂದು ಇದ್ದದ್ದನ್ನು ಅವಳು ನಂಬಿದ್ದಳು. ಒಬ್ಬರನ್ನು ಕೇಳಿರಲಿಲ್ಲ. ಅಂಗಳ ದಾಟಿದರೆ ಮೂವತ್ತೆಂಟು ಜನರಿದ್ದರು. ಅವರ ಕೈಕೆಲಸಕ್ಕೆ ಅವಳ ಟಿಪ್ಪಣಿಯಲ್ಲಿ ಇದ್ದದ್ದು ಗಂಟೆಗೆ ಇಷ್ಟು ರೂಪಾಯಿ ಎಂಬ ಒಂದು ಸಾಲು ಮಾತ್ರ.

1991ರ ಜುಲೈ ಮೊದಲ ವಾರ ಸರಕಾರ ರೂಪಾಯಿಯ ಬೆಲೆಯನ್ನು ಇಳಿಸಿತು, ಎರಡು ಸಲ. ಇನ್ನು ರಫ್ತು ಮಾಡುವವರಿಗೆ ಸುಗ್ಗಿ ಎಂದು ಪತ್ರಿಕೆಗಳು ಬರೆದವು. ನಾಣಿಯೂ ಬ್ಯಾಂಕಿನಿಂದ ಬಂದು ಅದೇ ಮಾತು ಹೇಳಿದ. ಎರಡು ವಾರದಲ್ಲಿ ಜರ್ಮನಿಯ ಕಂಪನಿಯ ಖರೀದಿ ಅಧಿಕಾರಿ ವಿಮಾನ ಇಳಿದು ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ತಂಗಿದ. ಚಿಕ್ಕ ಸೇಠ್ ಫೈಲು ಹಿಡಿದುಕೊಂಡು ಬರಲು ವನಮಾಲಾಗೆ ಹೇಳಿದ.

ಆ ಮನುಷ್ಯ ಒರಟನೇನಲ್ಲ. ಅವಳಿಗೆ ಕುರ್ಚಿ ಎಳೆದುಕೊಟ್ಟ. ಚಹಾ ತರಿಸಿದ. ನಂತರ, ನಿಮ್ಮ ರೂಪಾಯಿ ಇಳಿದಿದ್ದರಿಂದ ನಮ್ಮ ಮಾರ್ಕಿನಲ್ಲಿ ನಿಮ್ಮ ಖರ್ಚು ಕಡಿಮೆಯಾಗಿದೆ, ಆದ್ದರಿಂದ ಬೆಡ್ಡಿನ ಬೆಲೆಯನ್ನು ನೂರಕ್ಕೆ ಹದಿನೆಂಟು ಇಳಿಸಬೇಕು ಎಂದ. ಚಿಕ್ಕ ಸೇಠ್ ಹತ್ತಕ್ಕೆ ಆಗಬಹುದೇ ಎಂದು ಶುರು ಮಾಡಿದ. ವನಮಾಲಾ ಇಂಥ ಕಡೆ ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ. ಕೇಳಿದ ಹಾಳೆ ಕೊಡಬೇಕು, ಅಷ್ಟೆ. ಆ ದಿನ ಅವಳು ಹಾಳೆ ಕೊಡದೆ ಇಂಗ್ಲಿಷಿನಲ್ಲಿ ನೇರವಾಗಿ ಅವನನ್ನೇ ಕೇಳಿದಳು.

"ನಮ್ಮ ರೂಪಾಯಿ ಇಳಿದಿದ್ದರಿಂದ ನಿಮ್ಮ ಯಂತ್ರ ನಮಗೆ ತುಟ್ಟಿಯಾಗಿದೆ. ಅದರ ಬೆಲೆಯನ್ನೂ ಇಳಿಸುತ್ತೀರಾ?"

ಅವನು ನಯವಾಗಿ ನಕ್ಕು, ಅದು ಮಾರಾಟ ವಿಭಾಗಕ್ಕೆ ಸೇರಿದ್ದು, ತನ್ನದು ಖರೀದಿ ಮಾತ್ರ ಎಂದ.

ಅವಳು ಫೈಲು ತೆರೆದಳು. ಐದು ವರ್ಷದ ಹಿಂದೆ ಮೂವತ್ತು ಬೆಡ್ಡಿಗೆ ಒಂದು ಯಂತ್ರ, ಈಗ ಐವತ್ತು, ನೀವು ಕೇಳಿದಷ್ಟು ಇಳಿಸಿದರೆ ಅರವತ್ತೊಂದು ಎಂದಳು. ಇಬ್ಬರಿಗೂ ಲಾಭ ಎಂದು ಶುರುವಾದ ವ್ಯಾಪಾರವಿದು, ನಮ್ಮ ಸರಕಾರ ನಮ್ಮ ರಫ್ತಿಗೆಂದು ನೋವು ತಿಂದು ಬಿಟ್ಟುಕೊಟ್ಟದ್ದನ್ನು ಎರಡೇ ವಾರದಲ್ಲಿ ಬಂದು ಎತ್ತಿಕೊಂಡು ಹೋಗುತ್ತಿದ್ದೀರಿ ಎಂದಳು. ಇನ್ನೂ ಹೇಳುವವಳಿದ್ದಳು. ಚಿಕ್ಕ ಸೇಠ್ ಮೇಜಿನ ಮೇಲೆ ಕೈ ಇಟ್ಟು ತಡೆದ. ಹನ್ನೆರಡಕ್ಕೆ ಒಪ್ಪಂದವಾಯಿತು. ಒಂದು ಯಂತ್ರಕ್ಕೆ ಐವತ್ತೇಳು ಬೆಡ್.

ವಾಪಸು ಬರುವಾಗ ಕಾರಿನಲ್ಲಿ ಚಿಕ್ಕ ಸೇಠ್ ಫೈಲನ್ನು ಅವಳ ಕೈಯಿಂದ ತೆಗೆದುಕೊಂಡು ತನ್ನ ಪಕ್ಕಕ್ಕಿಟ್ಟುಕೊಂಡ. ಆಮೇಲೆ, ಇದೆಲ್ಲ ಬರೆದವರು ನೀವೇ ಅಲ್ಲವೇ ಎಂದು ಬೇಸರದಲ್ಲೇ ಹಿಂದಿಯಲ್ಲಿ ಕೇಳಿದ. "ಮ್ಯಾಡಮ್, ಯೆ ಸಬ್ ತೋ ಆಪ್ ನೇ ಹೀ ಲಿಖಾ ಥಾ ನಾ?"

ಅವಳು ಘಾಟ್ಕೋಪರಿನಲ್ಲಿ ಇಳಿದಳು. ಸಿಟ್ಟು ಬಂದದ್ದು ಅವನ ಮೇಲೋ ತನ್ನ ಮೇಲೋ ಎಂದು ಬಿಡಿಸಿ ನೋಡಲು ಆಗಲಿಲ್ಲ.

ಅದೇ ಹೊತ್ತಿಗೆ ದೇಶದಲ್ಲಿ ವಿದೇಶಿ ಹಣವಿರಲಿಲ್ಲ. ಹೊರಗಿನಿಂದ ಏನು ತರಿಸಬೇಕಾದರೂ ಬ್ಯಾಂಕುಗಳು ಹತ್ತು ಅಡ್ಡಿ ಹಾಕುತ್ತಿದ್ದವು. ಯಂತ್ರಕ್ಕೆಂದು ಮುಂಗಡ ಕೊಟ್ಟಿದ್ದ ಗಿರಾಕಿಗಳಿಗೆ ಯಂತ್ರ ಬರಲಿಲ್ಲ. ಅವರು ದಿನಾ ಫೋನು ಮಾಡತೊಡಗಿದರು. ಕೊನೆಗೆ ಚಿಕ್ಕ ಸೇಠ್, ಹಾಗಾದರೆ ನಮ್ಮ ಹಳೆಯ ಮಾದರಿಯನ್ನೇ ಮತ್ತೆ ಮಾಡೋಣ ಎಂದ. ನಕ್ಷೆಗಳಿವೆ, ಬೆಡ್‌ಗಳು ಬೇಕಾದಷ್ಟಿವೆ, ಜನರೂ ಇಲ್ಲೇ ಇದ್ದಾರೆ. ಸಿದ್ದರಾಮಪ್ಪನನ್ನು ಕರೆಸಿದರು. ಅದು ಸೆಪ್ಟೆಂಬರಿನ ಒಂದು ಬೆಳಿಗ್ಗೆ. ವನಮಾಲಾ ತಾನಾಗಿಯೇ ಶೆಡ್ಡಿಗೆ ಹೋದಳು. ಅವಳಿಗೆ ಒಳಗೊಳಗೆ ಸಂತೋಷವಾಗಿತ್ತು. ಐದು ವರ್ಷದ ತಪ್ಪು ತಾನಾಗಿ ತಿರುಗಿಕೊಳ್ಳುತ್ತಿದೆ ಎಂದುಕೊಂಡಿದ್ದಳು.

ಯಾರೋ ಹಳೆಯ ಉಳಿಗಳನ್ನು ಸಾಣೆ ಹಿಡಿಸಿ ತಂದಿಟ್ಟಿದ್ದರು. ಸಿದ್ದರಾಮಪ್ಪ ಪಟ್ಟಿಗೆ ನೀಲಿ ಸವರಿದ. ಹಲಗೆ ಇಟ್ಟು ಉಜ್ಜಿದ. ಎತ್ತಿ ನೋಡಿದ. ಉಳಿಯನ್ನು ಹೊಟ್ಟೆಗೆ ಆನಿಸಿಕೊಂಡು ಬಾಗಿ ಒಂದು ಎಳೆತ ಎಳೆದ. ಉಳಿ ಜಾರಿ, ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು. ಇನ್ನೊಮ್ಮೆ ಎಳೆದ. ಈ ಸಲ ಉಳಿ ಆಳಕ್ಕೆ ಕಚ್ಚಿತು. ಅವನು ಉಳಿ ಕೆಳಗಿಟ್ಟು, ಬೆರಳ ತುದಿಯಿಂದ ಪಟ್ಟಿಯನ್ನು ಸವರಿದ. ಒಂದು ಸಲ, ಎರಡು ಸಲ. ಅವನ ಬೆರಳುಗಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿದ್ದನ್ನು ವನಮಾಲಾ ಆಗ ನೋಡಿದಳು.

"ಕಣ್ಣಿಗೆ ಕಾಣತೈತ್ರಿ," ಎಂದ. "ಕೈಗೆ ತಿಳೀವಲ್ದು."

ಆಮೇಲೆ ಒಂದೊಂದಾಗಿ ಹೊರಬಂತು. ಚಿಪ್ಪಿಂಗ್ ಸುತ್ತಿಗೆ ಹಿಡಿದು ಎರಡು ವರ್ಷಕ್ಕೇ ಬೆರಳು ಜೋಮು ಹಿಡಿಯಲು ಶುರುವಾಗಿತ್ತು. ಚಳಿಗಾಲದ ಬೆಳಿಗ್ಗೆ ರಕ್ತವೇ ಇಲ್ಲದಂತಾಗುತ್ತಿತ್ತು. ಫೆಟ್ಲಿಂಗಿನಲ್ಲಿ ಉಳಿದಿದ್ದ ಹಳೆಯ ಸ್ಕ್ರೇಪರುಗಳು ಹತ್ತೊಂಬತ್ತು ಜನ. ಎಲ್ಲರಿಂದಲೂ ಒಂದು ವಾರ ಪ್ರಯತ್ನ ಮಾಡಿಸಿದರು. ನಾಲ್ಕು ಬೆಡ್ಡು ಕೆಟ್ಟವು. ಹೊಸಬರಿಗೆ ಕಲಿಸೋಣವೆಂದರೆ ಕನಿಷ್ಠ ಮೂರು ವರ್ಷ ಬೇಕು ಎಂದು ಸಿದ್ದರಾಮಪ್ಪನೇ ಹೇಳಿದ. ಚಿಕ್ಕ ಸೇಠ್‌ಗೆ ಮೂರು ತಿಂಗಳೂ ಇರಲಿಲ್ಲ. ಆಮದು ಇನ್ನೇನು ಸಲೀಸಾಗುತ್ತದೆ, ಸುಂಕವೂ ಇಳಿಯುತ್ತದಂತೆ ಎಂದು ಅವನು ಶೆಡ್ಡಿಗೆ ಮತ್ತೆ ಬೀಗ ಹಾಕಿಸಿದ.

ಅವತ್ತು ಅವನ ಕೋಣೆಯಲ್ಲಿ ವನಮಾಲಾ ಸಹಿಗೆಂದು ಕಾಗದ ಹಿಡಿದು ನಿಂತಿದ್ದಳು. ಅವನು ತಲೆಯೆತ್ತದೆ, ನೀವು ಬರೆದದ್ದೇ ಸರಿ ಮ್ಯಾಡಮ್, ಈ ಕೆಲಸ ನಮ್ಮವರ ಕೈಲಾಗುವಂಥದ್ದಲ್ಲ ಎಂದ. ಸಮಾಧಾನಕ್ಕೆ ಹೇಳಿದನೋ ಏನೋ.

ಅವಳು ಕಾಗದಗಳನ್ನು ಮೇಜಿನ ಮೇಲೆ ಎಸೆದಳು. "ನಾನು ಬರೆದಾಗ ಅದು ಸುಳ್ಳಾಗಿತ್ತು," ಎಂದಳು ಹಿಂದಿಯಲ್ಲಿ. "ಅವರ ಕೈಲಿ ಆಗುತ್ತಿತ್ತು. ಅಂಗಳದ ಆಚೆ ದಿನಾ ಆಗುತ್ತಿತ್ತು. ನಾನು ಆಗುವುದಿಲ್ಲ ಅಂತ ಬರೆದೆ, ನೀವು ಸಹಿ ಹಾಕಿದಿರಿ, ಐದು ವರ್ಷ ಸುತ್ತಿಗೆ ಕೊಟ್ಟು ಅವರ ಕೈಯನ್ನು ಕೊಂದಿರಿ. ಈಗ ಅದು ನಿಜವಾಗಿದೆ. ಅದನ್ನು ನಿಜ ಮಾಡಿದವರು ನಾವಿಬ್ಬರು."

ಹೊರಗೆ ಟೈಪಿಂಗ್ ನಿಂತಿತು. ಅವನು ಅವಳನ್ನು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ. ಅವಳು ಹೋಗಲಿಲ್ಲ. ಸಂಜೆಯವರೆಗೂ ತನ್ನ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಕೂತಿದ್ದಳು.

ಅಕ್ಟೋಬರಿನಲ್ಲಿ ಸರಕಾರಿ ಆಸ್ಪತ್ರೆಯ ಡಾಕ್ಟರೊಬ್ಬರು, ಸಿದ್ದರಾಮಪ್ಪನ ಕೈ ಹೋಗಿರುವುದು ಸುತ್ತಿಗೆಯ ಕಂಪನದಿಂದ ಎಂದು ಬರೆದುಕೊಟ್ಟರು. ಯೂನಿಯನ್ನಿನವರು ಪರಿಹಾರಕ್ಕೆ ಲೇಬರ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಕಂಪನಿಯ ಉತ್ತರ ತಯಾರಿಸಬೇಕಾಗಿತ್ತು. ಇದು ವಯಸ್ಸಿನಿಂದಲೂ ತಂಬಾಕಿನಿಂದಲೂ ಬಂದದ್ದು, ಇವನು ಮೊದಲಿನಿಂದಲೂ ಒರಟು ಕೆಲಸದವನೇ ಎಂದು ಬರೆಯಲು ವನಮಾಲಾಗೇ ಹೇಳಿದರು. ಅವಳು ಬರೆಯುವುದಿಲ್ಲ ಎಂದಳು. ಮೂರನೆಯ ದಿನ ಅವಳನ್ನು ಸ್ಟೇಷನರಿ ಕೋಣೆಗೆ ವರ್ಗ ಮಾಡಿದರು. ಕಾರ್ಬನ್ ಪೇಪರು, ಪಿನ್ನು, ಗೋಂದಿನ ಬಾಟಲಿಗಳ ನಡುವೆ ಅವಳು ನಾಲ್ಕು ತಿಂಗಳು ಕೂತಳು. ಅಲ್ಲಿಂದಲೇ, ತನ್ನ ಹಳೆಯ ಟಿಪ್ಪಣಿಯ ಪ್ರತಿಯನ್ನೂ, ಐದು ವರ್ಷದಲ್ಲಿ ಯಾವ ಟೋಕನ್ನಿನವನು ಎಷ್ಟು ಗಂಟೆ ಸುತ್ತಿಗೆ ಹಿಡಿದ ಎಂಬ ಪಟ್ಟಿಯನ್ನೂ ಯೂನಿಯನ್ ವಕೀಲರಿಗೆ ಕೊಟ್ಟಳು. ಸಾಕ್ಷಿಯಾಗಿ ನಿಲ್ಲುತ್ತೇನೆ ಎಂದಳು.

ನಾಣಿ ಹೆದರಿದ. ಕೆಲಸ ಹೋಗುತ್ತದೆ ಎಂದ. ಹೋಗುತ್ತದೆ ಎಂದು ಅವಳೂ ಒಪ್ಪಿದಳು. ಸಾಕ್ಷಿ ಹೇಳುವ ದಿನ ಅವನು ಬ್ಯಾಂಕಿಗೆ ರಜೆ ಹಾಕಿ ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ.

ಕಂಪನಿಯ ವಕೀಲ ಟಿಪ್ಪಣಿಯನ್ನು ಎತ್ತಿ ಹಿಡಿದು, ಈ ಕಾರ್ಮಿಕರು ಯಂತ್ರ ಮಾಡುವುದಕ್ಕಿಂತ ಎರಕದ ಕೆಲಸಕ್ಕೇ ತಕ್ಕವರೆಂದು ಬರೆದವರು ನೀವೇ ತಾನೇ ಎಂದು ಕೇಳಿದ. ಹೌದು ಎಂದಳು. ಆಗ ಗೊತ್ತಿಲ್ಲದೆ ಬರೆದಿರೋ ಎಂದ. ಗೊತ್ತು ಮಾಡಿಕೊಳ್ಳದೆ ಬರೆದೆ ಎಂದಳು. ಇವರು ಏನು ಮಾಡಬಲ್ಲರು ಎಂದು ಇವರನ್ನೇ ಕೇಳಿರಲಿಲ್ಲ, ಇವರ ಕೂಲಿ ಎಷ್ಟು ಅಗ್ಗ ಎಂದಷ್ಟೇ ನೋಡಿದ್ದೆ ಎಂದಳು. ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಮಾರ್ಚಿನಲ್ಲಿ ಅವಳು ಕೆಲಸ ಬಿಟ್ಟಳು. ಬಿಡಿಸಿದರು ಎಂದರೂ ಸರಿಯೇ. ಆ ಹೊತ್ತಿಗೆ ಜರ್ಮನಿಯ ಯಂತ್ರಗಳು ಮತ್ತೆ ಬರತೊಡಗಿದ್ದವು.

ತೀರ್ಪು ಬಂದದ್ದು 1992ರ ನವೆಂಬರಿನಲ್ಲಿ. ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಮೂವತ್ತೈದು ಹೋಗಿದೆ ಎಂದು ತೀರ್ಮಾನವಾಗಿ, ಅದಕ್ಕೆ ತಕ್ಕ ಪರಿಹಾರ ಕೊಡಲು ಆದೇಶವಾಯಿತು. ಸಹಿ ಹಾಕಿಸಬೇಕಾದ ಕಾಗದಗಳನ್ನು ವಕೀಲರಿಂದ ತೆಗೆದುಕೊಂಡು ವನಮಾಲಾ ತಾನೇ ಭಾಂಡೂಪಿನ ಗುಡ್ಡದ ಮೇಲಿನ ಚಾಳಿನ ಸಾಲುಮನೆಗೆ ಹೋದಳು. ಒಂದೇ ಕೋಣೆಯ ಮನೆ. ಸಿದ್ದರಾಮಪ್ಪನ ಹೆಂಡತಿ ಲಕ್ಷ್ಮವ್ವ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಇವಳನ್ನು ಕಂಡು ಅವನು ಕೈ ಸರಿಸಿಕೊಂಡ. ಲಕ್ಷ್ಮವ್ವ ಅವಸರ ಮಾಡದೆ ಕೊನೆಯ ಗುಂಡಿಯನ್ನೂ ಹಾಕಿ ಮುಗಿಸಿ, ಚಹಾಕ್ಕೆ ನೀರಿಟ್ಟಳು.

ವನಮಾಲಾ ಆದೇಶವನ್ನು ಓದಿ ಹೇಳಿದಳು. ಅವನ ಮುಖ ಬದಲಾಗಲಿಲ್ಲ. ಮೂವತ್ತೈದು ಅಂದರೆ ಯಾವ ಲೆಕ್ಕ ಎಂದು ಲಕ್ಷ್ಮವ್ವ ಕೇಳಿದಳು. ಉಣ್ಣುವ ಕೈ, ಗುಂಡಿ ಹಾಕುವ ಕೈ, ಕೆಲಸದ ಕೈ ಎಲ್ಲ ಒಂದೇ ಕೈ ಅಲ್ಲವೇ ಎಂದಳು. ವನಮಾಲಾಗೆ ತಡೆಯಲಾಗಲಿಲ್ಲ. ಇದು ಅನ್ಯಾಯ, ಮೇಲಿನ ಕೋರ್ಟಿಗೆ ಹೋಗೋಣ, ಇನ್ನೂ ಹದಿನೆಂಟು ಜನರ ಅರ್ಜಿ ಹಾಕಿಸುತ್ತೇನೆ, ಇವರನ್ನು ಬಿಡಬಾರದು ಎಂದು ಒಂದೇ ಉಸಿರಿಗೆ ಹೇಳಿದಳು.

ಸಿದ್ದರಾಮಪ್ಪ ಅವಳನ್ನು ನೇರವಾಗಿ ನೋಡಿದ. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು.

"ನೀವು ಈಗ ಸಿಟ್ಟಾಗೀರಿ ಬಾಯಾರ. ನಾ ಅವತ್ತ ಸಿಟ್ಟಾಗಿದ್ದೆ, ನಿಮ್ಮ ಮೇಜಿನ ಮುಂದ ನಿಂತು. ಚೀಟಿ ಬರದವರು ನೀವ ಅಂತ ಗೊತ್ತಿದ್ದ ಬಂದಿದ್ದೆ. ನೀವು ನಕ್ಕ್ರಿ."

ವನಮಾಲಾ ಕ್ಷಮಿಸಿ ಎನ್ನಲು ಹೋಗಿ, ಆ ಮಾತು ತೀರಾ ಸಣ್ಣದಾಗಿ ಕಂಡು ತಡೆದುಕೊಂಡಳು. "ಹೌದು, ನಕ್ಕೆ," ಎಂದಷ್ಟೇ ಹೇಳಿದಳು.

"ಉಳದವರ ಅರ್ಜಿ ಹಾಕಸ್ರಿ," ಎಂದ ಅವನು. "ಅದರಾಗ ನನ್ನ ಹೆಸರೂ ಸಾಕ್ಷಿಗೆ ಬರಕೋರಿ. ಸಿಟ್ಟು ನನಗೂ ಇನ್ನೂ ಇಳದಿಲ್ಲ."

ಲಕ್ಷ್ಮವ್ವ ಚಹಾ ತಂದಿಟ್ಟಳು. ವನಮಾಲಾ ಕಾಗದಗಳನ್ನು ಬಿಡಿಸಿ, ಸಹಿ ಕಷ್ಟವಾದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದಳು. ಅವನು ತಲೆಯಾಡಿಸಿ ಪೆನ್ನು ತೆಗೆದುಕೊಂಡ. ಎರಡೂ ಕೈಯಿಂದ ಹಿಡಿದು, ಕಾಗದದ ಮೇಲೆ ಬಾಗಿ ಕನ್ನಡದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆದ. ಅದು ಗೆರೆ ಬಿಟ್ಟು ಹೋಯಿತು. ನಿಲ್ಲಿಸಿ, ಉಸಿರು ಬಿಟ್ಟು, ಎರಡನೆಯದಕ್ಕೆ ಕೈಹಾಕಿದ. ನಾಲ್ಕು ಕಡೆ ಸಹಿ ಬೇಕಾಗಿತ್ತು. ಅವಳು ಚಹಾ ಮುಟ್ಟದೆ, ಅವನು ನಾಲ್ಕನೆಯದನ್ನು ಮುಗಿಸುವವರೆಗೂ ಕಾದು ಕೂತಳು.